ತಮ್ಮ ಮೂಲ, ಪರರ ಮೂಲ



ಈ ವಿಚಾರ ಸಂಕಿರಣದ ಮುಂದೆ ನಾನು ಇಡಬಯಸುವ ವಾದ ಇಷ್ಟು: ತನ್ನ ಮೂಲವನ್ನೇ ಬಂಡವಾಳ ಮಾಡಿಕೊಂಡು ಬೆಳೆದ ಸಂಸ್ಥೆಗೆ ಪರರ ಮೂಲವನ್ನು ಹೆಸರಿಸುವ ಹೊಣೆಯೂ ಹೆಚ್ಚು. ಇಟಲಿಯ ಪ್ರಾಡಾ ಇದಕ್ಕೆ ನಿದರ್ಶನ. 1913ರಲ್ಲಿ ಮಾರಿಯೊ ಪ್ರಾಡಾ ಸೋದರ ಮಾರ್ಟಿನೊ ಜೊತೆಗೂಡಿ ಮಿಲಾನಿನಲ್ಲಿ ಚರ್ಮದ ಚೀಲ, ಪ್ರಯಾಣದ ಪೆಟ್ಟಿಗೆಗಳ ವ್ಯಾಪಾರ ಆರಂಭಿಸಿದರು. 1919ರಲ್ಲಿ ಅವರು ಇಟಲಿಯ ರಾಜಮನೆತನದ ಅಧಿಕೃತ ಪೂರೈಕೆದಾರರಾದರು. ಆ ರಾಜಮನೆತನವಾದ ಸವಾಯ್ ವಂಶದ ಲಾಂಛನ ಬಳಸುವ ಹಕ್ಕೂ ದೊರೆಯಿತು. 1946ರಲ್ಲಿ ಇಟಲಿ ಗಣರಾಜ್ಯವಾಯಿತು, ರಾಜರು ಹೋದರು. ಆ ಲಾಂಛನ ಮಾತ್ರ ಪ್ರಾಡಾದ ತ್ರಿಕೋನ ಫಲಕದಲ್ಲಿ ಊರಿನ ಹೆಸರು, ಸ್ಥಾಪನೆಯ ವರ್ಷಗಳ ಜೊತೆ ಉಳಿದುಕೊಂಡಿದೆ. 1978ರಲ್ಲಿ ಚುಕ್ಕಾಣಿ ಹಿಡಿದ, ಮಾರಿಯೊ ಅವರ ಮೊಮ್ಮಗಳು ಮಿಯುಚ್ಚಾ ಪ್ರಾಡಾ ರಾಜ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ಐಷಾರಾಮಕ್ಕೆ ಒಗ್ಗದ್ದೆಂದು ಕಂಡಿದ್ದ ನೈಲಾನಿನಲ್ಲಿ ಅವರು 1984ರಲ್ಲಿ ಬೆನ್ನುಚೀಲ ತಂದರು. ಚರ್ಮದ ಜಾಗಕ್ಕೆ ನೈಲಾನ್ ಬಂದರೂ ಕೊಳ್ಳುವವರು ಅದನ್ನು ಪ್ರಾಡಾ ಎಂದೇ ಒಪ್ಪಿದರು. ಸಾಮಗ್ರಿ ಬದಲಾದಾಗಲೂ ಮೂಲದ ದಾಖಲೆ ಗುರುತನ್ನು ಕಾಯಿತು.

ಇದೇ ಸಂಸ್ಥೆ 2025ರ ಜೂನ್‌ನಲ್ಲಿ ಮಿಲಾನಿನ ಪ್ರದರ್ಶನದಲ್ಲಿ ಕೊಲ್ಹಾಪುರಿ ಚಪ್ಪಲಿಯನ್ನು ಹೋಲುವ ಪಾದರಕ್ಷೆ ತೋರಿಸಿ, ಅದನ್ನು ಬರಿಯ ಚರ್ಮದ ಸ್ಯಾಂಡಲ್ ಎಂದು ಕರೆಯಿತು. ಕೊಲ್ಹಾಪುರಿಗೆ 2019ರಲ್ಲಿ ದೊರೆತ ಭೌಗೋಳಿಕ ಸೂಚಿಕೆ (ಜಿಐ) ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳಿಗೂ ಸೇರಿದ್ದು. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಚರ್ಮದಿಂದ ಕೈಯಲ್ಲೇ ಹೊಲಿದ ಆ ಜೋಡಿಗೂ ಊರುಂಟು, ತಲೆಮಾರುಗಳುಂಟು.

ಫ್ಯಾಷನ್ ಎಂದೂ ಕೊಡುಕೊಳ್ಳುವಿಕೆಯಿಂದಲೇ ಬೆಳೆದದ್ದು ಎಂಬ ಆಕ್ಷೇಪವಿದೆ. ನಿಜ, ಮಾರಿಯೊ ಅವರ ಅಂಗಡಿಯಲ್ಲೇ ಇಂಗ್ಲೆಂಡಿನ ಪೆಟ್ಟಿಗೆಗಳು ಮಾರಾಟವಾಗುತ್ತಿದ್ದವು. ಎರವಲು ಪಡೆಯುವುದು ತಪ್ಪಲ್ಲ, ಯಾರಿಂದ ಪಡೆದೆವೆಂದು ಹೇಳದಿರುವುದು ತಪ್ಪು. ಭೌಗೋಳಿಕ ಸೂಚಿಕೆ ರಕ್ಷಿಸುವುದು ಹೆಸರನ್ನು, ಪ್ರಾಡಾ ಆ ಹೆಸರನ್ನೇ ಬಳಸಲಿಲ್ಲವಲ್ಲ ಎಂಬುದು ಇನ್ನೊಂದು ವಾದ. ಆದರೆ ಹೆಸರಿನ ದುರ್ಬಳಕೆಯನ್ನು ತಡೆಯುವ ಕಾನೂನು ಹೆಸರು ಮರೆಸುವವರಿಗೆ ಆಸರೆಯಾಗುವುದಾದರೆ ಅದು ಕಾನೂನಿನ ಕೊರತೆ; ಅದರಿಂದ ನೈತಿಕ ಹೊಣೆ ಕಳೆಯುವುದಿಲ್ಲ. ಟೀಕೆಯ ನಂತರ ಪ್ರಾಡಾ ಭಾರತೀಯ ಪ್ರೇರಣೆಯನ್ನು ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರ ಮತ್ತು ಕರ್ನಾಟಕದ ಚರ್ಮೋದ್ಯಮ ನಿಗಮಗಳೊಂದಿಗೆ ಒಪ್ಪಂದವನ್ನೂ ಮಾಡಿಕೊಂಡಿತು. ಇದು ಸ್ವಾಗತಾರ್ಹ.

ಅದೇ ಅಳತೆಗೋಲನ್ನು ನಮಗೂ ಹಿಡಿಯಬೇಕು. ನಮ್ಮ ಅಥಣಿ, ನಿಪ್ಪಾಣಿಗಳಲ್ಲಿ ತಯಾರಾದ ಜೋಡು ಕೊಲ್ಹಾಪುರದ ಹೆಸರಲ್ಲೇ ಮಾರಾಟವಾಗುತ್ತದೆ. ಹೊಲಿದವರು ಯಾರೆಂದು ನಾವೂ ಕೇಳುವುದಿಲ್ಲ. ತಯಾರಕರ ಊರು, ಹೆಸರುಗಳನ್ನು ಜೋಡಿನ ಮೇಲೆ ದಾಖಲಿಸುವುದು ಹೇಗೆ, ಆ ದಾಖಲೆಯ ಲಾಭ ಅವರ ಕೈಗೇ ತಲುಪುವುದು ಹೇಗೆ? ಈ ಎರಡು ಪ್ರಶ್ನೆಗಳಿಗೆ ಇಲ್ಲಿನ ಗೋಷ್ಠಿಗಳು ಕಾರ್ಯಸಾಧ್ಯವಾದ ಉತ್ತರ ಕೊಡಲಿ ಎಂದು ಆಶಿಸುತ್ತೇನೆ.