ಆಟದ ನಿಯಮ: ನಿಜದ ಹೋಲಿಕೆ ಮತ್ತು ತನ್ಮಯತೆ

ಹುಲಿಕುರಿ ಆಟದ ಮನೆಯಲ್ಲಿ 23 ಬಿಂದುಗಳಿರುತ್ತವೆ. ಕಾಯಿಗಳು 3 ಹುಲಿ, 15 ಕುರಿ. ಊರಿಂದ ಊರಿಗೆ ಈ ಲೆಕ್ಕ ಅಷ್ಟಿಷ್ಟು ಬದಲಾದೀತು, ಆಟದ ಜೀವಾಳ ಬದಲಾಗದು. ಹುಲಿ ಪಕ್ಕದ ಕುರಿಯನ್ನು ಗೆರೆಯಗುಂಟ ಹಾರಿ ತಿನ್ನುತ್ತದೆ, ಆಚೆಯ ಬಿಂದು ಖಾಲಿ ಇದ್ದರೆ ಮಾತ್ರ. ಕುರಿಗೆ ಯಾರನ್ನೂ ಹೊಡೆಯುವ ಬಲವಿಲ್ಲ. ಎಲ್ಲ ಕುರಿಗಳೂ ಮನೆಯೊಳಕ್ಕೆ ಇಳಿಯುವ ತನಕ ಇಟ್ಟ ಕುರಿ ಇಟ್ಟಲ್ಲೇ ಇರಬೇಕು. ಹುಲಿಗಳು ಕದಲದಂತಾದರೆ ಕುರಿಯವರ ಗೆಲುವು. ಇದೇ ಆಟಕ್ಕೆ ಹುಲಿಕಟ್ಟು ಎಂಬ ಹೆಸರೂ ಉಂಟು.

ಗುಡಿಯ ಕಟ್ಟೆಯ ಮೇಲೆ ಇದ್ದಿಲಿನಲ್ಲಿ ಗೀಚಿಕೊಂಡು ಆಡುವ ಈ ಆಟಕ್ಕೂ ಕಾಡಿನ ಹುಲಿಗೂ ಹೋಲಿಕೆ ತೀರ ಕಡಿಮೆ. ಯಾವ ಹುಲಿಯೂ ಗೆರೆ ನೋಡಿ ಹಾರುವುದಿಲ್ಲ, ಯಾವ ಕುರಿಯೂ ಹುಲಿಯನ್ನು ಕಟ್ಟಿಹಾಕಿಲ್ಲ. ಆದರೂ ಕುರಿ ಹಿಡಿದು ಕೂತವರ ತಲೆ ನಾಲ್ಕು ನಡೆ ಆಗುವುದರೊಳಗೆ ಕುರಿಗಾರನ ತಲೆಯಾಗಿರುತ್ತದೆ. ಒಂದರ ಬೆನ್ನಿಗೆ ಇನ್ನೊಂದು ಇರಬೇಕು, ನಡುವೆ ತೆರಪು ಬೀಳಬಾರದು, ಹಿಂಡು ಬಿಟ್ಟದ್ದು ಮೊದಲು ಹೋಗುತ್ತದೆ. ದೇವದುರ್ಗ, ಮಾನ್ವಿಯ ಬಯಲಲ್ಲಿ ಕುರಿ ಕಾದವರಿಗೆ ಇದು ಹೊಸ ಪಾಠವಲ್ಲ.

ನಿಜದ ಹೋಲಿಕೆ ಒಂದು, ತನ್ಮಯತೆ ಇನ್ನೊಂದು. ನಿಯಮದ ಫಲ ಲೋಕದಲ್ಲಿ ಆಗುವಂತೆಯೇ ಆದರೆ ಅದು ಹೋಲಿಕೆ. ಆಡುವವರು ಪಾತ್ರದ ಒಳಗೆ ನಿಂತು ಯೋಚಿಸಿದರೆ ಅದು ತನ್ಮಯತೆ. ಮೊದಲನೆಯದು ಹೆಚ್ಚಿದಷ್ಟೂ ಎರಡನೆಯದು ತಾನಾಗಿ ಹೆಚ್ಚುತ್ತದೆ ಎಂಬ ನಂಬಿಕೆ ಆಟ ಕಟ್ಟುವವರಲ್ಲಿ ಬಹುಕಾಲ ಇತ್ತು. ಆ ನಂಬಿಕೆ ತಪ್ಪು.

ರಂಗದ ಮೇಲೆ ಈ ಪ್ರಶ್ನೆ ಬಹಳ ಹಿಂದೆಯೇ ಇತ್ಯರ್ಥವಾಗಿತ್ತು. ಭರತನ ನಾಟ್ಯಶಾಸ್ತ್ರ ಲೋಕಧರ್ಮಿ, ನಾಟ್ಯಧರ್ಮಿ ಎಂದು ಎರಡು ದಾರಿ ಹೇಳುತ್ತದೆ: ಲೋಕದಲ್ಲಿರುವಂತೆ ತೋರಿಸುವುದು ಒಂದು, ರಂಗದ ಕಟ್ಟಳೆಯಂತೆ ತೋರಿಸುವುದು ಇನ್ನೊಂದು. ದೊಡ್ಡಾಟದಲ್ಲಿ ಅಟ್ಟದ ಮೇಲೆ ಒಂದು ಸುತ್ತು ಹಾಕಿದರೆ ಒಂದು ರಾಜ್ಯ ದಾಟಿದಂತೆ. ರಾಜ ಬಂದೊಡನೆ ಸಾರಥಿ ಎದುರು ನಿಂತು ನೀವು ಯಾರು, ಯಾವ ಊರಿನವರು, ಬಂದ ಕಾರಣವೇನು ಎಂದು ಕೇಳುತ್ತಾನೆ. ನಿಜದ ಯಾವ ಅರಮನೆಯಲ್ಲೂ ಸಾರಥಿ ರಾಜನನ್ನು ಹಾಗೆ ಕೇಳಲಾರ. ನೋಡುವವರು ಮಾತ್ರ ಬೆಳತನಕ ಕದಲುವುದಿಲ್ಲ.

ಮೇಜಿನ ಸುತ್ತ ಕೂತು ಪಾತ್ರವಹಿಸಿ ಆಡುವ ಆಟ, ಅಂದರೆ ರೋಲ್ ಪ್ಲೇಯಿಂಗ್ ಗೇಮ್, ಹುಟ್ಟಿದ್ದು ಯುದ್ಧದ ಆಟಗಳಿಂದ. ಪ್ರಷ್ಯದ ರೈಸ್‌ವಿಟ್ಸ್ 1812ರಲ್ಲಿ ಕಟ್ಟಿದ ಸಮರದಾಟವನ್ನು ಅವನ ಮಗ ತಿದ್ದಿ 1824ರಲ್ಲಿ ಪ್ರಕಟಿಸಿದ. ಗುಂಡು ಎಷ್ಟು ದೂರ ಹೋಯಿತು, ಎಷ್ಟು ಜನ ಬಿದ್ದರು ಎಂಬುದಕ್ಕೆಲ್ಲ ಅದರಲ್ಲಿ ಕೋಷ್ಟಕಗಳಿದ್ದವು. ಕೋಷ್ಟಕ ತಿರುವುವುದರಲ್ಲೇ ಹೊತ್ತು ಹೋಗುತ್ತದೆ ಎಂದು ಕಂಡ ಸೇನಾನಿ ವೆರ್ಡಿ ಡು ವೆರ್ನ್ವಾ 1876ರಲ್ಲಿ ಅವನ್ನು ಬದಿಗಿಟ್ಟು, ತೀರ್ಪನ್ನು ಅನುಭವಿ ಪಂಚನ ವಿವೇಕಕ್ಕೆ ಬಿಟ್ಟ. ಕೋಷ್ಟಕವೋ ವಿವೇಕವೋ ಎಂಬ ಆ ಜಗಳ ಇಂದಿಗೂ ಮುಗಿದಿಲ್ಲ.

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಬಗೆಯಲ್ಲಿ ಮೊದಲನೆಯದು. ಒಬ್ಬರು ಲೋಕವನ್ನು ಬಣ್ಣಿಸುತ್ತಾರೆ, ಉಳಿದವರು ತಮ್ಮ ತಮ್ಮ ಪಾತ್ರ ಏನು ಮಾಡಿತೆಂದು ಹೇಳುತ್ತಾರೆ, ಸಂದೇಹ ಬಂದಲ್ಲಿ ದಾಳ ಉರುಳುತ್ತದೆ. ಪಾತ್ರದ ಆಯಸ್ಸಿಗೆ ಹಿಟ್ ಪಾಯಿಂಟ್ ಎಂಬ ಅಂಕಿ. ಅದು ಬರೀ ಮೈಯ ಗಾಯವಲ್ಲ, ಅದೃಷ್ಟವೂ ಕೌಶಲವೂ ಅದರಲ್ಲಿ ಸೇರಿವೆ ಎಂದು ಗೈಗ್ಯಾಕ್ಸ್ ವಿವರಿಸಿದ್ದುಂಟು. ತೊಡಕು ಬೇರೆಡೆ ಇದೆ. ಬೀಳುವವನಿಗೆ ಪ್ರತಿ 10 ಅಡಿಗೆ ಆರು ಮುಖದ ಒಂದು ದಾಳದಷ್ಟು ಪೆಟ್ಟು ಎಂಬುದು ಅಲ್ಲಿಯ ರೂಢಿ. 55 ಅಂಕಿಯ ವೀರ 50 ಅಡಿ ಎತ್ತರದ ಕೋಟೆಗೋಡೆಯಿಂದ ಹಾರಿದರೆ ಐದು ದಾಳ, ಎಲ್ಲವೂ ಆರೇ ಬಿದ್ದರೂ ಪೆಟ್ಟು 30. ಅವನು ಸಾಯಲಾರ, ಮತ್ತು ಅದು ಆಡುವವರಿಗೆ ಮೊದಲೇ ಗೊತ್ತು. ಹಾಗಾಗಿ ಏಣಿ ಹುಡುಕದೆ ಹಾರಿಬಿಡುತ್ತಾರೆ. ತನ್ಮಯತೆ ಮುರಿಯುವುದು ಈ ಕ್ಷಣದಲ್ಲಿ. ಲೆಕ್ಕ ಲೋಕಕ್ಕೆ ಹೊಂದದಿರುವುದು ಸಣ್ಣ ದೋಷ. ಗೋಡೆಯ ಮೇಲೆ ನಿಂತವನ ಎದೆ ಹೇಳುವುದೊಂದು, ಆಡುವವರ ಲೆಕ್ಕ ಹೇಳುವುದು ಇನ್ನೊಂದಾದರೆ ಅದು ದೊಡ್ಡ ದೋಷ.

ಇದಕ್ಕೆ ಮದ್ದು ಹುಡುಕಿದವರು ಹಲವರು. 1978ರ ‘ರೂನ್‌ಕ್ವೆಸ್ಟ್’ ತಲೆ, ತೋಳು, ಕಾಲುಗಳಿಗೆ ಬೇರೆ ಬೇರೆ ಅಂಕಿ ಕೊಟ್ಟಿತು. ಒಂದೇ ಏಟಿಗೆ ಕಾಲು ಹೋದೀತೆಂಬ ಭಯದಿಂದ ಆಡುವವರು ಕತ್ತಿ ಹಿರಿಯುವ ಮೊದಲು ಎರಡು ಸಲ ಯೋಚಿಸತೊಡಗಿದರು. ಅಷ್ಟರ ಮಟ್ಟಿಗೆ ಅದು ಗೆದ್ದಿತು. ಆದರೆ ಕಾಳಗದ ಲೆಕ್ಕ ಉದ್ದವಾಯಿತು. ಮುಂದೆ ಬಂದ ‘ರೋಲ್‌ಮಾಸ್ಟರ್’ ಆಯುಧಕ್ಕೊಂದು ಕೋಷ್ಟಕ ಮಾಡಿತು, ಏಟು ಬಿದ್ದಾಗಲೆಲ್ಲ ಪುಟ ತಿರುವುವ ಕೆಲಸ ಬಂತು. 1981ರ ‘ಕಾಲ್ ಆಫ್ ಕ್ತುಲು’ ಹಿಡಿದ ದಾರಿ ಬೇರೆ, ಹೆಚ್ಚು ಜಾಣ್ಮೆಯದು: ಮೈಯ ಲೆಕ್ಕದ ಜೊತೆಗೆ ಬುದ್ಧಿಯ ಸ್ತಿಮಿತಕ್ಕೂ ಒಂದು ಅಂಕಿ ಇಟ್ಟಿತು. ಕಾಣಬಾರದ್ದನ್ನು ಕಂಡಾಗ ಅದು ಇಳಿಯುತ್ತದೆ. ಕತ್ತಲೆಯ ಬಾಗಿಲು ತೆರೆಯಲು ಪಾತ್ರ ಹೆದರುವ ಹೊತ್ತಿಗೆ ಆಡುವವರೂ ಹೆದರುತ್ತಾರೆ. ಒಂದೇ ಅಂಕಿ, ಅದೂ ಲೋಕದಲ್ಲಿ ಅಳೆಯಲಾಗದ್ದು. ಆದರೂ ನೂರು ಕೋಷ್ಟಕಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ದಾಳದ ಆಯ್ಕೆಯೂ ಇದೇ ವಿಚಾರಕ್ಕೆ ಸೇರಿದ್ದು. ಇಪ್ಪತ್ತು ಮುಖದ ದಾಳದಲ್ಲಿ ಪ್ರತಿ ಗರಕ್ಕೂ ನೂರಕ್ಕೆ 5ರಷ್ಟೇ ಅವಕಾಶ. ಚೌಕಾಬಾರದ ನಾಲ್ಕು ಕವಡೆ ಹಾಗಲ್ಲ. ಬಾಯಿ ಮೇಲೆ, ಬಾಯಿ ಕೆಳಗೆ ಎರಡೂ ಸಮವೆಂದು ಹಿಡಿದರೆ 16 ಬಗೆಯಲ್ಲಿ ಎರಡರ ಗರ 6 ಬಗೆ, ಒಂದು ಮತ್ತು ಮೂರು ತಲಾ 4 ಬಗೆ, ಚೌಕ ಒಂದು, ಎಂಟು ಒಂದು. ನಡುವಿನದು ಹೆಚ್ಚು, ತುದಿಯದು ಅಪರೂಪ. 1986ರ ‘ಗರ್ಪ್ಸ್’ ಆಟ ಆರು ಮುಖದ ಮೂರು ದಾಳ ಕೂಡಿಸುವುದೂ ಇದೇ ಗುಣಕ್ಕಾಗಿ. ಅಲ್ಲಿ ಮೂರು ಒಂದು ಬೀಳುವುದು 216ಕ್ಕೆ ಒಮ್ಮೆ. ಜೋಳದ ಹೊಲದಲ್ಲಿ ಕವಣೆ ಬೀಸಿ ಪಳಗಿದವರ ಕೈ ಬಹುಪಾಲು ಒಂದೇ ಹದದಲ್ಲಿರುತ್ತದೆ, ತೀರ ತಪ್ಪುವುದು ಅಪರೂಪ. ಪಳಗಿದ ಕೈಗೆ ಕವಡೆಯ ಲೆಕ್ಕವೇ ಒಪ್ಪುತ್ತದೆ.

ಕನ್ನಡದಲ್ಲಿ ಪಾತ್ರವಹಿಸಿ ಆಡುವ ಆಟಕ್ಕೆ ಅತಿ ಹತ್ತಿರದ್ದು ಕರಾವಳಿಯ, ಕಾಸರಗೋಡಿನ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಕೂತಲ್ಲೇ ಕೂತು, ಭಾಗವತರು ಹಾಡಿದ ಪದ್ಯಕ್ಕೆ ಪಾತ್ರವಾಗಿ ಆ ಕ್ಷಣದಲ್ಲೇ ಮಾತು ಕಟ್ಟುತ್ತಾರೆ. ವಾಲಿ ಸಾಯುವುದು ಪ್ರಸಂಗದಲ್ಲಿ ಗೊತ್ತಾದ ಸಂಗತಿ, ಅದನ್ನು ಯಾರೂ ಮೀರುವಂತಿಲ್ಲ. ಆದರೆ ರಾಮನನ್ನು ವಾಲಿ ಏನು ಕೇಳುತ್ತಾನೆ ಎಂಬುದು ಆ ರಾತ್ರಿಯ ಸೃಷ್ಟಿ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥ ಕೇಳಲು ಜನ ರಾತ್ರಿಯಿಡೀ ಕೂತದ್ದು ಹೋಲಿಕೆಗಲ್ಲ, ವಾಲಿಗೆ ವಾಲಿಯದೇ ನ್ಯಾಯವಿದೆ ಎಂದು ಕಾಣಲು. ನಿಯಮ ಬಿಗಿಯಾಗಿದ್ದೂ ಪಾತ್ರಕ್ಕೆ ಇಷ್ಟು ಎಡೆ ಕೊಡುವ ಇನ್ನೊಂದು ಕಲೆ ಸಿಗುವುದು ಕಷ್ಟ.

ಹಾಗಾದರೆ ನಿಜದ ಹೋಲಿಕೆ ಬೇಡವೆ? ಬೇಕು, ಔಚಿತ್ಯ ನೋಡಿ ಬೇಕು. ಆ ಕತೆಯಲ್ಲಿ ಮನುಷ್ಯರ ತೀರ್ಮಾನವನ್ನು ಯಾವುದು ತಿರುಗಿಸುತ್ತದೆಯೋ ಅದನ್ನು ಎಣಿಸಬೇಕು. ಗೈಗ್ಯಾಕ್ಸನ ನಿಯಮಗಳು ಹೊರೆಯನ್ನು ಚಿನ್ನದ ನಾಣ್ಯದ ತೂಕದಲ್ಲಿ, 10 ನಾಣ್ಯಕ್ಕೆ ಒಂದು ಪೌಂಡಿನಂತೆ ಎಣಿಸಿದವು. ನಿಧಿ ಹೊತ್ತು ಗುಹೆಯಿಂದ ಹೊರಬರುವ ಕತೆಗೆ ಅದು ಸರಿ. ದೇವದುರ್ಗದ ಕಡೆಯ ಜಾಲಹಳ್ಳಿಯ ಸೀಮೆಗೆ ಆ ಲೆಕ್ಕ ಸಾಲದು. ಕೃಷ್ಣೆ, ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡಿನಲ್ಲಿ ಕೃಷ್ಣದೇವರಾಯನೂ ಇಸ್ಮಾಯಿಲ್ ಆದಿಲ್ ಶಾಹನೂ ರಾಯಚೂರಿಗಾಗಿ ಕಾದಿದ್ದು 1520ರ ಮೇ ತಿಂಗಳ ಬಿಸಿಲಿನಲ್ಲಿ. ಪೋರ್ಚುಗೀಸ್ ಕುದುರೆ ವ್ಯಾಪಾರಿ ಫರ್ನಾವೊ ನ್ಯೂನಿಜ್ ಆ ದಂಡಯಾತ್ರೆಯನ್ನು ವಿವರವಾಗಿ ಬರೆದಿದ್ದಾನೆ. ಯಾರೂ ಬಾಯಾರಿ ಸಾಯದಿರಲೆಂದು ತೊಗಲಚೀಲದಲ್ಲಿ ನೀರು ಹೊತ್ತ ಸಾವಿರಾರು ಜನ ದಾರಿಯುದ್ದಕ್ಕೂ ನಿಂತಿದ್ದರು ಎನ್ನುತ್ತಾನೆ. ಈ ಯುದ್ಧವನ್ನು ಆಟವಾಗಿ ಕಟ್ಟುವವರು ಕವಚದ ತೂಕ ಬಿಟ್ಟರೂ ಅಡ್ಡಿಯಿಲ್ಲ, ನೀರಿನ ಲೆಕ್ಕ ಬಿಡುವಂತಿಲ್ಲ.

ಕೋಟೆಯ ಮುತ್ತಿಗೆಗೂ ಹಾಗೆಯೇ. ಗೋಡೆಗೆ ಎಷ್ಟು ಅಂಕಿ, ಹಾರೆಯ ಏಟಿಗೆ ಎಷ್ಟು ಕಡಿತ ಎಂದು ಕೋಷ್ಟಕ ಬರೆಯಬಹುದು. ಅದಕ್ಕಿಂತ ಒಳ್ಳೆಯ ನಿಯಮ ನ್ಯೂನಿಜನಲ್ಲೇ ಇದೆ. ಗೋಡೆಯಿಂದ ಕಿತ್ತು ತಂದ ಪ್ರತಿ ಕಲ್ಲಿಗೂ ದಂಡನಾಯಕರು ಸೈನಿಕನಿಗೆ ಹಣ ಕೊಡುತ್ತಿದ್ದರು: ಗಾತ್ರ ನೋಡಿ 10, 20, 30, 40, 50 ಪಣ.