ಕೆರೆಯ ಹಸುರು

ಕೆರೆಯ ನೀರು ಹಸುರಾದೊಡನೆ ಜನರು ಪಾಚಿಯನ್ನು ದೂಷಿಸುವುದು ರೂಢಿಯಷ್ಟೆ. ಆದರೆ ನೀರಿನಲ್ಲಿ ತೇಲುವ ಆ ಸೂಕ್ಷ್ಮಸಸ್ಯಗಳು ಮಿತವಾಗಿದ್ದರೆ ಸೂಕ್ಷ್ಮಪ್ರಾಣಿಗಳಿಗೂ, ಅವುಗಳ ಮೂಲಕ ಮೀನುಗಳಿಗೂ ಆಹಾರವಾಗುವುವು. ಊರಿನ ಕೊಳಚೆಯು ಸೇರಿದಲ್ಲಿ ಅದರ ಸಾರಜನಕ, ರಂಜಕಗಳನ್ನುಂಡು ಪಾಚಿಯು ಮಿತಿಮೀರುವುದು. ಹಗಲು ಬಿಸಿಲಿನಲ್ಲಿ ಪ್ರಾಣವಾಯುವನ್ನೀಯುವ ಅದೇ ಪಾಚಿಯು ಇರುಳೆಲ್ಲ ಅದನ್ನು ಹೀರುವುದರಿಂದ, ಅರುಣೋದಯಕ್ಕೆ ಮುನ್ನ ಮೀನುಗಳು ಉಸಿರುಗಟ್ಟಿ ಸಾಯುವುದುಂಟು.

ಯಲಹಂಕದ ಸಮೀಪದ ಜಕ್ಕೂರು ಕೆರೆಯಲ್ಲಿ ಇದಕ್ಕೊಂದು ಪರಿಹಾರಮಾರ್ಗವು ಕಾಣುವುದು. ಅಲ್ಲಿ ದಿನಕ್ಕೆ 1 ಕೋಟಿ ಲೀಟರು ಕೊಳಚೆಯನ್ನು ಶುದ್ಧಿಗೊಳಿಸಲೆಂದು ಮೊದಲು ಸ್ಥಾಪಿತವಾದ ಶುದ್ಧೀಕರಣಾಲಯದಿಂದ ಹೊರಟ ನೀರು, ಜೊಂಡು ಬೆಳೆದ ಜೌಗುನೆಲವನ್ನು ಹಾದು ಕೆರೆಯನ್ನು ಸೇರುವುದು. ನೀರಿನಲ್ಲಿ ಉಳಿದ ಸಾರವನ್ನು ಜೊಂಡು ಹೀರಿದಷ್ಟೂ ಪಾಚಿಗೆ ಉಣಿಸು ಕಡಮೆಯಾಗುವುದು. ಆದುದರಿಂದ ಪಾಚಿಯನ್ನು ಬಾಚುವುದಕ್ಕಿಂತ ಕಾಲುವೆಯಲ್ಲಿಯೇ ಕೊಳಚೆಯನ್ನು ತಡೆಯುವುದು ಲೇಸು. ಕೆರೆಗೆ ಇಳಿಯುವ ಕೊಳಚೆಯು ದಡದ ಮನೆಗಳದೇ ಅಲ್ಲವೆ?