ತಾಯಿ ಜೈಲಿನಲ್ಲಿ, ಮಗು ಮಡಿಲಲ್ಲಿ – ನಾವೇನು ಮಾಡಬಹುದು?

(ಯಲಹಂಕದಲ್ಲಿ ನಡೆದ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಮಾಡಿದ ಭಾಷಣ)



ಉಳಿತಾಯ, ಸಾಲದ ಕಂತು, ಲೆಕ್ಕದ ಪುಸ್ತಕ – ಈ ಮಾತು ಪ್ರತಿ ಸಭೆಯಲ್ಲೂ ಇದ್ದದ್ದೇ. ಇವತ್ತು ಬೇರೆ ವಿಷಯ. ಹೋದ ತಿಂಗಳು ಒಬ್ಬ ಸದಸ್ಯೆ ಎಲ್ಲರೂ ಮನೆಗೆ ಹೋಗುವವರೆಗೆ ಕಾದು ಕುಳಿತಿದ್ದರು. ಆಮೇಲೆ ಮೆಲ್ಲಗೆ ಕೇಳಿದರು: “ಸಿಸ್ಟರ್, ನಮ್ಮ ಪಕ್ಕದ ಮನೆ ಹುಡುಗೀನ ಪೊಲೀಸರು ಕರ್ಕೊಂಡು ಹೋದ್ರು. ಐದು ತಿಂಗಳ ಕೂಸಿದೆ. ಕೂಸೂ ಜೈಲಿಗೆ ಹೋಗ್ಬೇಕಾ?”

ಈ ಪ್ರಶ್ನೆ ಕೇಳಲು ಅವರು ಯಾಕೆ ಎಲ್ಲರೂ ಹೋಗುವವರೆಗೆ ಕಾಯಬೇಕಾಯಿತು? ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಅವರ ಪ್ರಶ್ನೆಗೆ ಉತ್ತರ ಇಷ್ಟು: ಹೊರಗೆ ನೋಡಿಕೊಳ್ಳುವವರು ಇಲ್ಲದಿದ್ದರೆ, ಆರು ವರ್ಷ ತುಂಬುವವರೆಗೆ ಮಗು ತಾಯಿಯ ಜೊತೆ ಜೈಲಿನಲ್ಲಿ ಇರಬಹುದು. ನಮ್ಮ ಬೆಂಗಳೂರಿನಲ್ಲಿ ಅಂದರೆ ಪರಪ್ಪನ ಅಗ್ರಹಾರದಲ್ಲಿ. ಸರ್ಕಾರದ ಲೆಕ್ಕದ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿ 1,537 ತಾಯಂದಿರು 1,764 ಮಕ್ಕಳ ಜೊತೆ ಇದ್ದರು. ಅವರಲ್ಲಿ 1,312 ತಾಯಂದಿರು ವಿಚಾರಣೆ ಮುಗಿಯದವರು. ತಪ್ಪು ಮಾಡಿದ್ದಾರೆ ಅಂತ ಇನ್ನೂ ಯಾವ ಕೋರ್ಟೂ ಹೇಳಿರಲಿಲ್ಲ.

ನನ್ನ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು. ಹೊಸದಾಗಿ ಈ ಕೆಲಸಕ್ಕೆ ಬಂದಾಗ, “ಜೈಲು ಮಗು ಬೆಳೆಯೋ ಜಾಗವೇ? ಮೊದಲು ಮಗುವನ್ನು ಹೊರಗೆ ತನ್ನಿ” ಎನ್ನುತ್ತಿದ್ದೆ. ಹಾಗೇ ಒಂದು ಎರಡು ವರ್ಷದ ಮಗುವನ್ನು ಅಜ್ಜಿಯ ಮನೆಗೆ ಕಳಿಸಲು ನಾನೂ ಒತ್ತಾಯ ಮಾಡಿದೆ. ಆ ಮಗು ಊಟ ಬಿಟ್ಟಿತು, ಮಾತು ಬಿಟ್ಟಿತು. ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿತ್ತು. ತಾನೇ ತಳ್ಳುತ್ತಿರಲಿಲ್ಲ, ಯಾರಾದರೂ ಬಂದು ತೆಗೆಯಲಿ ಅಂತ ಕಾಯುತ್ತಿತ್ತು. ಬೀದಿ ನಾಯಿ ಕಂಡರೆ ಚೀರುತ್ತಿತ್ತು. ಆಗ ನನಗೆ ಅರ್ಥವಾಯಿತು, ಜೈಲಿನ ಗೋಡೆಯೂ ಮಗುವಿಗೆ ಪೆಟ್ಟು, ತಾಯಿಯಿಂದ ಕಿತ್ತು ತರುವುದೂ ಪೆಟ್ಟು. ಎರಡೂ ಬೇಡ ಅಂದರೆ ಒಂದೇ ದಾರಿ. ಕಾನೂನು ಬಿಡುವ ಕಡೆಯೆಲ್ಲ ತಾಯಿಯೇ ಬೇಗ ಹೊರಗೆ ಬರಬೇಕು. ಅಲ್ಲಿಯವರೆಗೆ ಒಳಗೆ ಮಗುವಿಗೆ ಸಿಗಬೇಕಾದದ್ದು ಸಿಗಬೇಕು.

ಏನೇನು ಸಿಗಬೇಕು? 2006ರ ಏಪ್ರಿಲ್ 13ರಂದು ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿವರವಾಗಿ ಹೇಳಿದೆ. ಇದನ್ನು ಮನಸ್ಸಿನಲ್ಲಿಡಿ:

• ಜೊತೆಗಿರುವ ಮಗು ಕೈದಿ ಅಲ್ಲ. ಊಟ, ಬಟ್ಟೆ, ಔಷಧಿ, ಕಲಿಕೆ, ಆಟ ಅದರ ಹಕ್ಕು.

• ಗರ್ಭಿಣಿಯನ್ನು ಜೈಲಿಗೆ ಕಳಿಸುವ ಮೊದಲು ಅಲ್ಲಿ ಬಾಣಂತಿ ಆರೈಕೆಗೆ ವ್ಯವಸ್ಥೆ ಇದೆಯೇ ಎಂದು ನೋಡಬೇಕು. ಸಾಧ್ಯವಾದಷ್ಟು ಹೆರಿಗೆ ಹೊರಗಿನ ಆಸ್ಪತ್ರೆಯಲ್ಲೇ ಆಗಬೇಕು.

• ಒಳಗೇ ಹುಟ್ಟಿದರೂ ಜನನ ಪ್ರಮಾಣ ಪತ್ರದಲ್ಲಿ ‘ಜೈಲು’ ಎಂದು ಬರೆಯಬಾರದು. ಆ ಬಡಾವಣೆಯ ವಿಳಾಸ ಮಾತ್ರ ಹಾಕಬೇಕು.

• ಮೂರು ವರ್ಷದೊಳಗಿನವರಿಗೆ ಶಿಶುವಿಹಾರ, ಮೂರರಿಂದ ಆರು ವರ್ಷದವರಿಗೆ ನರ್ಸರಿ ಇರಬೇಕು. ಅದು ಜೈಲಿನ ಆವರಣದ ಹೊರಗೆ ಇದ್ದರೆ ಇನ್ನೂ ಒಳ್ಳೆಯದು.

• ಆರು ತುಂಬಿದ ಮೇಲೆ ತಾಯಿ ಹೇಳಿದವರ ಕೈಗೆ, ಇಲ್ಲವೇ ಅದೇ ಊರಿನ ಮಕ್ಕಳ ನಿಲಯಕ್ಕೆ ಕಳಿಸಬೇಕು. ವಾರಕ್ಕೆ ಒಮ್ಮೆಯಾದರೂ ತಾಯಿ ಮಗು ಭೇಟಿ ಆಗಬೇಕು.

ಇದು ದೊಡ್ಡಸ್ತಿಕೆ ಅಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬೆಡ್‌ಫರ್ಡ್ ಹಿಲ್ಸ್ ಜೈಲಿನಲ್ಲಿ 1901ರಿಂದಲೇ ತಾಯಿ ಮಗುವಿಗೆ ಬೇರೆ ವ್ಯವಸ್ಥೆ ಇದೆ.

ಈಗ ಮುಖ್ಯ ಮಾತಿಗೆ ಬರೋಣ. ಎಷ್ಟೋ ಹೆಣ್ಣುಮಕ್ಕಳಿಗೆ ಕೋರ್ಟು ಜಾಮೀನು ಕೊಟ್ಟಿರುತ್ತದೆ, ಆದರೂ ಹೊರಗೆ ಬರುವುದಿಲ್ಲ. ಯಾಕೆ? ಜಾಮೀನು ನಿಲ್ಲುವವರು ಇಲ್ಲ. ಹೆಬ್ಬಾಳ, ಯಲಹಂಕದ ಕಟ್ಟಡ ಕೆಲಸಕ್ಕೆ ರಾಯಚೂರು, ಯಾದಗಿರಿಯಿಂದ ಬಂದ ಹುಡುಗಿಗೆ ಇಲ್ಲಿ ಪಹಣಿ, ಖಾತೆ ಇರುವ ನೆಂಟರು ಎಲ್ಲಿ ಸಿಗುತ್ತಾರೆ ಹೇಳಿ. ತಾಯಿ ಒಳಗೆ ಉಳಿದಷ್ಟು ದಿನ ಮಗುವೂ ಒಳಗೆ.

ಇದಕ್ಕೂ ದಾರಿ ಇದೆ. ಜಾಮೀನು ಸಿಕ್ಕಿ ಏಳು ದಿನವಾದರೂ ಬಿಡುಗಡೆ ಆಗದಿದ್ದರೆ ಜೈಲು ಅಧಿಕಾರಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕು ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಂದು ತಿಂಗಳಾದರೂ ಜಾಮೀನು ಕೊಡಲು ಆಗದಿದ್ದರೆ, ಷರತ್ತು ಸಡಿಲ ಮಾಡಬಹುದೇ ಎಂದು ಕೋರ್ಟು ತಾನಾಗಿಯೇ ನೋಡಬಹುದು. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಸರ್ಕಾರದ ವಕೀಲರ ನೆರವು ಉಚಿತ. ಕಾನೂನು ಸಹಾಯವಾಣಿ 15100, ಮಕ್ಕಳ ಸಹಾಯವಾಣಿ 1098. ನಿಮ್ಮ ಸಂಘದ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ.

“ಹಾಗಾದ್ರೆ ನಾವೇ ಜಾಮೀನು ನಿಲ್ಲೋಣವಾ ಸಿಸ್ಟರ್?” ಅಂತ ಕೇಳುತ್ತೀರಿ. ಜಾಮೀನು ಹುಡುಗಾಟ ಅಲ್ಲ. ಆಕೆ ಕೋರ್ಟಿಗೆ ಬರದಿದ್ದರೆ ದಂಡ ನಿಂತವರ ತಲೆಗೆ ಬರುತ್ತದೆ. ಆಕೆಯನ್ನು ಚೆನ್ನಾಗಿ ಬಲ್ಲವರು, ವಕೀಲರನ್ನು ಕೇಳಿ, ಮನೆಯಲ್ಲಿ ಮಾತಾಡಿ ಮಾತ್ರ ನಿಲ್ಲಬೇಕು. ಸಂಘದ ಹಣ ಮುಟ್ಟಬೇಡಿ. ಆದರೆ ಜಾಮೀನು ಬಿಟ್ಟು ಮಾಡುವ ಕೆಲಸ ಬೇಕಾದಷ್ಟಿದೆ. 15100ಕ್ಕೆ ಫೋನು ಮಾಡುವುದು. ಹೊರಗೆ ಉಳಿದ ದೊಡ್ಡ ಮಗು ಶಾಲೆ ಬಿಡದಂತೆ ನೋಡುವುದು. ಅಜ್ಜಿಯ ಜೊತೆ ಒಬ್ಬರು ಭೇಟಿಗೆ ಹೋಗುವುದು. ಪರಪ್ಪನ ಅಗ್ರಹಾರ ಊರಿನ ಆ ತುದಿ, ಬಸ್ಸು ಬದಲಾಯಿಸುತ್ತಾ ಹೋದರೆ ಒಂದು ದಿನವೇ ಬೇಕು, ನಿಜ. ಆದರೆ 2023ರಿಂದ ಶಕ್ತಿ ಯೋಜನೆ ಇದೆಯಲ್ಲ, ಬಸ್ ಚಾರ್ಜಿನ ನೆಪ ಹೇಳೋ ಹಾಗಿಲ್ಲ!

ಇನ್ನೊಂದು ಕೆಲಸಕ್ಕೆ ಹಣವೂ ಬೇಡ, ಕಾಗದವೂ ಬೇಡ. ಆ ಮಗು ಹೊರಗೆ ಬಂದ ದಿನ ಅದನ್ನು ‘ಜೈಲು ಕೂಸು’ ಅನ್ನದಿರುವುದು. ಪ್ರಮಾಣ ಪತ್ರದಲ್ಲಿ ಬರೆಯಬಾರದು ಎಂದು ಕೋರ್ಟು ತಡೆದ ಮಾತನ್ನು ನಾವು ನಲ್ಲಿ ಹತ್ತಿರ, ಅಂಗನವಾಡಿ ಬಾಗಿಲಲ್ಲಿ ಆಡಿದರೆ ಏನು ಬಂತು?

ಆ ಸದಸ್ಯೆ ಎಲ್ಲರೂ ಹೋಗುವವರೆಗೆ ಯಾಕೆ ಕಾದರು ಗೊತ್ತಾ? ನಮ್ಮ ಬಾಯಿಗೆ ಹೆದರಿ. ನಾವು ಕೆಟ್ಟವರಲ್ಲ. ಆದರೆ ನಮ್ಮ ನಡುವೆ ಆ ಪ್ರಶ್ನೆ ಕೇಳಲು ಅವರಿಗೆ ಧೈರ್ಯ ಬರಲಿಲ್ಲ. ಮುಂದಿನ ಸಭೆಯಲ್ಲಿ ಸಾಲದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಈ ಮಾತಿಗೆ ಇಡಿ. “ನಮ್ಮ ಬೀದಿಯಲ್ಲಿ ಇಂಥ ತಾಯಿ ಇದ್ದಾಳಾ?” ಎಂದು ಕೇಳಿ. ಉತ್ತರ ಹೇಳುವವರ ಮಾತನ್ನು ತಲೆ ತಗ್ಗಿಸದೆ ಕೇಳಿಸಿಕೊಳ್ಳಿ.

ಆ ಐದು ತಿಂಗಳ ಕೂಸಿಗೆ ಈಗ ಆರು ತಿಂಗಳು. ಮೆತ್ತಗಿನ ಅನ್ನ ತಿನ್ನಿಸೋ ಕಾಲ. ನಾಳೆ ಬೆಳಿಗ್ಗೆ ನಾನು ಮತ್ತು ಆ ಸದಸ್ಯೆ ವಕೀಲರನ್ನು ನೋಡಲು ಹೋಗುತ್ತಿದ್ದೇವೆ. ಬಿಡುವಿದ್ದವರು ಒಬ್ಬರು ಜೊತೆಗೆ ಬನ್ನಿ.